ಮನೆಗೆ ಎರಡನೆಯ ಗಿಣಿ ಬಂದದ್ದು

ಬಾನ್ ನಗರದ ಬಾನಿನಲ್ಲಿ ಗಿಣಿಗಳು ಹಾರುತ್ತವೆ ಎಂದರೆ, ಊರಿನಿಂದ ಹೊಸದಾಗಿ ಬಂದವರು ನಾವು ಶ್ಲೇಷೆ ಕಟ್ಟುತ್ತಿದ್ದೇವೆಂದು ತಿಳಿಯುತ್ತಾರೆ. ಶ್ಲೇಷೆ ಹಳೆಯದು. ಈ ಊರಿಗೆ ಬಂದ ಕನ್ನಡಿಗರೆಲ್ಲರೂ ಮೊದಲ ವಾರದಲ್ಲೇ ಅದನ್ನು ತಾವೇ ಕಂಡುಹಿಡಿದವರಂತೆ ಹೇಳಿಕೊಂಡು ಸಂತೋಷಪಟ್ಟಿರುತ್ತಾರೆ. ಆದರೆ ಗಿಣಿಗಳು ಮಾತ್ರ ನಿಜ. ಜನವರಿಯ ಬೂದು ಸಂಜೆಯಲ್ಲಿ, ಎಲೆ ಉದುರಿ ಬೋಳಾದ ಮರಗಳ ಮೇಲೆ, ನಮ್ಮೂರ ಮಾವಿನ ತೋಪಿನಲ್ಲಿ ಕೇಳುವ ಅದೇ ಕಿರುಚಾಟ ಕೇಳಿಸುತ್ತದೆ. ತಲೆಯೆತ್ತಿದರೆ ಉದ್ದ ಬಾಲದ ಹತ್ತಿಪ್ಪತ್ತು ಹಸಿರು ಹಕ್ಕಿಗಳು ರೈನ್ ನದಿಯ ಕಡೆಗೆ ಬಾಣದಂತೆ ಹೋಗುತ್ತಿರುತ್ತವೆ.

ಇವು ಪಂಜರದಿಂದ ತಪ್ಪಿಸಿಕೊಂಡ ಅಥವಾ ಯಾರೋ ಬಿಟ್ಟುಬಿಟ್ಟ ಗಿಣಿಗಳ ಸಂತತಿ. ಪಕ್ಕದ ಕಲೋನ್ ನಗರದಲ್ಲಿ ಇವು ಹೊರಗೆ ಗೂಡು ಮಾಡಿ ಮರಿ ಮಾಡಿದ್ದು 1969ರಲ್ಲಿ. ಅಲ್ಲಿಂದೀಚೆಗೆ ಡ್ಯುಸೆಲ್‌ಡಾರ್ಫ್, ಬಾನ್, ವೀಸ್‌ಬಾಡೆನ್, ಹೈಡೆಲ್‌ಬರ್ಗ್ ಎಂದು ನದಿಯ ದಡ ಹಿಡಿದುಕೊಂಡೇ ಹರಡಿವೆ. ರೈನ್ ಕಣಿವೆಯ ಚಳಿ ಜರ್ಮನಿಯ ಉಳಿದ ಭಾಗಗಳಷ್ಟು ಕಠಿಣವಲ್ಲ. ಉದ್ಯಾನಗಳಲ್ಲಿ ಪೊಟರೆಯಿರುವ ಹಳೆಯ ಪ್ಲೇನ್ ಮರಗಳು ಬೇಕಾದಷ್ಟಿವೆ. ಅಷ್ಟು ಸಾಕಾಯಿತು. ಇವುಗಳ ಡಿ.ಎನ್.ಎ. ಪರೀಕ್ಷಿಸಿದವರು ಯೂರೋಪಿನ ಈ ಗಿಣಿಗಳಲ್ಲಿ ಹೆಚ್ಚಿನವುಗಳ ಮೂಲ ಪಾಕಿಸ್ತಾನ ಮತ್ತು ಉತ್ತರ ಭಾರತದ ಕಡೆಯದೆಂದು ತಿಳಿಸಿದ್ದಾರೆ. ಅಂತೂ ದೂರದ ನೆಂಟರು.

ನಮ್ಮ ಮನೆಯ ಗಿಣಿ ಈ ಗುಂಪಿನದಲ್ಲ. ಅದು ಪಂಜರದಲ್ಲಿಯೇ ಹುಟ್ಟಿದ್ದು. ಮೇಲಿನ ಮಹಡಿಯಲ್ಲಿದ್ದ ವೃದ್ಧೆಯೊಬ್ಬರು ವೃದ್ಧಾಶ್ರಮಕ್ಕೆ ಹೊರಟಾಗ, ಗುಂಡನೆಯ ಪಂಜರದ ಸಮೇತ ಅದನ್ನು ನಮ್ಮ ಕೈಗೆ ಕೊಟ್ಟು ಕಣ್ಣೊರೆಸಿಕೊಂಡು ಹೋದರು. ಹೆಸರು ಲೋರಾ ಎಂದರು. ಜರ್ಮನರು ಗಿಣಿಗೆ ಲೋರಾ ಎನ್ನುವುದು ನಾವು ಗಿಣಿರಾಮ ಎನ್ನುವ ಹಾಗೆ. ಆದರೆ ಲೋರಾಳ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಬಣ್ಣದ ಉಂಗುರವಿತ್ತು. ಈ ಜಾತಿಯಲ್ಲಿ ಉಂಗುರ ಮೂಡುವುದು ಗಂಡಿಗೆ ಮಾತ್ರ, ಅದೂ ಸುಮಾರು ಮೂರನೆಯ ವರ್ಷಕ್ಕೆ. ಹೀಗೆ ಲೋರಾ ನಮ್ಮ ಮನೆಯಲ್ಲಿ ರಾಮನಾದ. ಆಗ ಅವನಿಗೆ ಎಂಟು ವರ್ಷವಿದ್ದಿರಬೇಕು. ಎಂಟು ವರ್ಷದಲ್ಲಿ ಇನ್ನೊಂದು ಗಿಣಿಯ ಮುಖ ಕಂಡವನಲ್ಲ.

ಮರುವರ್ಷ ನಮ್ಮಮ್ಮ ಬಂದರು, ತೊಂಬತ್ತು ದಿನದ ವೀಸಾದ ಮೇಲೆ. ಹಾವೇರಿ ಕಡೆಯ ಒಕ್ಕಲು ಮನೆತನದವರು. ಹುಡುಗಿಯಾಗಿದ್ದಾಗ, ಜೋಳ ಹಾಲುಗಾಳಿಗೆ ಬಂದ ಕೂಡಲೇ, ಹೊಲದ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಗಿಣಿ ಓಡಿಸುವುದೇ ಅವರ ಕೆಲಸವಾಗಿತ್ತಂತೆ. ನಮ್ಮ ಮನೆಯಲ್ಲಿ ಗಿಣಿಗೆ ಬೆಳ್ಳಿ ಬಟ್ಟಲಿನಂಥ ಬಟ್ಟಲಿನಲ್ಲಿ ಕಾಳು ಹಾಕುವುದನ್ನು ಕಂಡು, “ಕಾಲ ಬಂತು ನೋಡಪಾ ನಿನಗ” ಎಂದು ಅದಕ್ಕೇ ಹೇಳಿದರು. ನಾವು ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರಕ್ಕೆ ಬರುವವರು. ಭಾಷೆ ಬಾರದ ಊರಿನಲ್ಲಿ ಅಮ್ಮನಿಗೆ ಹಗಲೆಲ್ಲ ಮಾತಿಗೆ ಸಿಕ್ಕವನು ರಾಮ ಒಬ್ಬನೇ. ಅವರು ಹೋಗುವ ಹೊತ್ತಿಗೆ ಅವನು ಜರ್ಮನ್ ಮಾತು ಎರಡನ್ನೂ ಮರೆತು, “ಊಟಾ ಆತೇನಪಾ?” ಎನ್ನಲು ಕಲಿತಿದ್ದ. ಬರಿಯ ಮಾತಲ್ಲ, ಅಮ್ಮನ ಧ್ವನಿಯೇ. ಮಾತಿಗೆ ಮೊದಲು ಅವರು ಸಣ್ಣಗೆ ಕೆಮ್ಮುತ್ತಿದ್ದರು. ಅದನ್ನೂ ಸೇರಿಸಿ ಹೇಳುತ್ತಿದ್ದ. ಅಮ್ಮ ಊರಿಗೆ ಹೋದ ಹತ್ತು ತಿಂಗಳಿಗೆ ತೀರಿಕೊಂಡರು. ಆಮೇಲೆ ಸಂಜೆ ಬಾಗಿಲು ತೆರೆದಾಗ ಒಳಗಿನಿಂದ ಆ ಕೆಮ್ಮು, ಆ ಪ್ರಶ್ನೆ ಕೇಳಿಬಂದರೆ ನಮಗೆ ಏನಾಗುತ್ತಿತ್ತೆಂದು ಬರೆಯುವುದು ಬೇಡ.

ಅದೇ ಕಾಲಕ್ಕೆ ರಾಮ ಎದೆಯ ಗರಿ ಕಿತ್ತುಕೊಳ್ಳತೊಡಗಿದ್ದ. ಮೊದಲು ಗರಿ ಉದುರುವ ಕಾಲವೆಂದುಕೊಂಡೆವು. ರೂಪಾಯಿ ಅಗಲದ ಬೋಳು ಅಂಗೈ ಅಗಲವಾದಾಗ ಹಕ್ಕಿಗಳನ್ನೇ ನೋಡುವ ಡಾಕ್ಟರ ಬಳಿ ಒಯ್ದೆವು. ಅವರು ರಕ್ತ, ಚರ್ಮ, ಮಲ ಎಲ್ಲವನ್ನೂ ಪರೀಕ್ಷಿಸಿದರು. ಗರಿ ಕೀಳುವುದಕ್ಕೆ ನೂರು ಕಾರಣಗಳಿರಬಹುದು. ಒಂದೊಂದನ್ನೇ ಕಳೆಯುತ್ತ ಹೋಗಬೇಕು. ಎಲ್ಲ ಕಳೆದ ಮೇಲೆ ಡಾಕ್ಟರಮ್ಮ ಕೇಳಿದ ಪ್ರಶ್ನೆ ಒಂದೇ: “ಇವನಿಗೆ ಜೊತೆ ಯಾರು?” ನಾವು ಎಂದೆವು. “ನೀವು ಎಷ್ಟು ಹೊತ್ತು ಮನೆಯಲ್ಲಿರುತ್ತೀರಿ?” ಎಂದರು. ಅವನು ನಮ್ಮ ಹೆಬ್ಬೆರಳಿನ ಮೇಲೆ ಕಾಳು ಕಕ್ಕುವುದನ್ನು ನಾವು ಹೆಮ್ಮೆಯಿಂದ ಹೇಳಿದಾಗ ಅವರು ನಗಲಿಲ್ಲ. ಗಂಡು ಗಿಣಿ ಹೆಣ್ಣಿಗೆ ಉಣ್ಣಿಸುವ ರೀತಿ ಅದು. ನಿಮ್ಮ ಹೆಬ್ಬೆರಳನ್ನು ಅವನು ಹೆಂಡತಿಯೆಂದು ತಿಳಿದಿದ್ದಾನೆ, ಆ ಹೆಂಡತಿ ದಿನಾ ಹತ್ತು ಗಂಟೆ ಮಾಯವಾಗುತ್ತಾಳೆ ಎಂದರು.

ಗಿಣಿಯನ್ನು ಒಂಟಿಯಾಗಿ ಸಾಕಬಾರದೆಂಬುದು ಈ ದೇಶದಲ್ಲಿ ಡಾಕ್ಟರೊಬ್ಬರ ಅಭಿಪ್ರಾಯವಲ್ಲ. ಕೇಂದ್ರ ಕೃಷಿ ಮಂತ್ರಾಲಯ 1995ರ ಜನವರಿ 10ರಂದು ಗಿಣಿ ಸಾಕಣೆಯ ಕನಿಷ್ಠ ಅಗತ್ಯಗಳ ಬಗ್ಗೆ ತಜ್ಞರ ವರದಿಯೊಂದನ್ನು ಹೊರಡಿಸಿತು. ಆಗ ಬಾನ್ ಇನ್ನೂ ಸರ್ಕಾರದ ಊರು. ಆ ಮಂತ್ರಾಲಯದ ಮುಖ್ಯ ಕಚೇರಿ ಈಗಲೂ ಇಲ್ಲಿಯೇ ಡ್ಯೂಸ್‌ಡಾರ್ಫ್ ಭಾಗದಲ್ಲಿದೆ. ಗಿಣಿಗಳನ್ನು ಜೋಡಿಯಾಗಿ ಅಥವಾ ಗುಂಪಿನಲ್ಲಿ ಇಡಬೇಕು, ಒಂಟಿತನ ವಿನಾಯಿತಿಯಾಗಿರಬೇಕು, ಗುಂಡು ಪಂಜರ ಕೂಡದು ಎಂದೆಲ್ಲ ಅದರಲ್ಲಿದೆ. ಅಳತೆಯನ್ನೂ ಕೊಟ್ಟಿದ್ದಾರೆ: 25ರಿಂದ 40 ಸೆಂಟಿಮೀಟರ್ ಉದ್ದದ ಉದ್ದಬಾಲದ ಗಿಣಿಗಳ ಜೋಡಿಗೆ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರ, 40 ದಾಟಿದರೆ 3 ಮೀಟರ್ ಉದ್ದ, 2 ಮೀಟರ್ ಎತ್ತರ. ಅಂದು ರಾತ್ರಿ ನಾವು ರಾಮನ ಬಾಲಕ್ಕೆ ಟೇಪು ಹಿಡಿದು ಅಳೆದೆವು. ಮೂವತ್ತೊಂಬತ್ತು. ನಿಟ್ಟುಸಿರು ಬಿಟ್ಟೆವು. ಈ ವರದಿ ಕಾನೂನಲ್ಲ. ಆದರೆ ಅಧಿಕಾರಿಗಳೂ ಕೋರ್ಟುಗಳೂ ಇದನ್ನೇ ಅಳತೆಗೋಲಾಗಿ ಹಿಡಿಯುತ್ತವೆ. ಸ್ವಿಟ್ಜರ್ಲೆಂಡಿನಲ್ಲಂತೂ 2008ರಿಂದ ಸಂಘಜೀವಿ ಪ್ರಾಣಿಗಳಿಗೆ ತಮ್ಮ ಜಾತಿಯ ಜೊತೆ ಬೇಕೇಬೇಕೆಂದು ಕಾನೂನಿದೆ.

ನಮ್ಮಲ್ಲಿ ಗಿಣಿಯೆಂದರೆ ಒಂದೇ. ಜಂತಿಗೆ ತೂಗುಹಾಕಿದ ಪಂಜರ, ರೆಕ್ಕೆ ಕತ್ತರಿಸಿದ ಗಿಣಿ, ಒಂದು ಹಸಿಮೆಣಸಿನಕಾಯಿ. ಸಂತೆಯಲ್ಲಿ ಚೀಟಿ ಎತ್ತಿ ನಮ್ಮ ಭವಿಷ್ಯ ಹೇಳುತ್ತಿದ್ದ ಗಿಣಿಯೂ ಒಂಟಿಯೇ, ತನ್ನ ಭವಿಷ್ಯ ತನಗೆ ತಿಳಿಯದೆ. ಎರಡಿದ್ದರೆ ಮಾತು ಕಲಿಯುವುದಿಲ್ಲವೆಂಬುದು ಹಿರಿಯರ ಅನುಭವ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದ ಗಿಣಿಗಳನ್ನು ಅಲ್ಲಿ ಹಿಡಿಯುವುದು, ಸಾಕುವುದು ಅಪರಾಧವೆಂದು ತಿಳಿದವರು ಕಡಿಮೆ, ತಿಳಿದೂ ಪಾಲಿಸುವವರು ಇನ್ನೂ ಕಡಿಮೆ. ಹಾವೇರಿಯಲ್ಲಿ ನಾವು ರಾಮನನ್ನು ಸಾಕಿದ್ದರೆ ಅಪರಾಧಿಗಳಾಗುತ್ತಿದ್ದೆವು. ಬಾನಿನಲ್ಲಿ ಒಂದನ್ನೇ ಸಾಕಿ ಅರ್ಧ ಅಪರಾಧಿಗಳಾಗಿದ್ದೆವು.

ಇಷ್ಟು ತಿಳಿದ ಮೇಲೂ ನಾವು ಒಂದೂವರೆ ವರ್ಷ ಏನೂ ಮಾಡಲಿಲ್ಲ. ಮನೆ ಚಿಕ್ಕದು, ಖರ್ಚು ಹೆಚ್ಚು, ರಜೆಗೆ ಊರಿಗೆ ಹೋದರೆ ನೋಡುವವರಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ನಿಜವಾದ ಕಾರಣ ಬೇರೆ. ಜೊತೆ ಸಿಕ್ಕ ಗಿಣಿ ಮನುಷ್ಯರ ಮಾತು ಬಿಡುತ್ತದೆ ಎಂದರೆ, ಆ “ಊಟಾ ಆತೇನಪಾ” ಹೋಗುತ್ತದೆ. ಒಂದು ಹಕ್ಕಿಯ ಎದೆಯ ಗರಿಗೂ ನಮ್ಮಮ್ಮನ ಧ್ವನಿಗೂ ತಕ್ಕಡಿ ಹಿಡಿದು ಕೂತಿದ್ದೆವು. ತೂಕ ನಮ್ಮ ಕಡೆಗೇ ಬೀಳುತ್ತಿತ್ತು.

ಈ ನಡುವೆ ಅಲೆಕ್ಸ್ ಎಂಬ ಪ್ರಸಿದ್ಧ ಬೂದು ಗಿಣಿಯ ವಿಷಯವನ್ನು ಹುಡುಕಿ ಹುಡುಕಿ ಓದಿದೆವು. ಅದನ್ನು ಸಾಕಿ ಕಲಿಸಿದ ಐರಿನ್ ಪೆಪ್ಪರ್‌ಬರ್ಗ್ ಅವರು ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದದ್ದು ಸೈದ್ಧಾಂತಿಕ ರಸಾಯನಶಾಸ್ತ್ರದಲ್ಲಿ, 1976ರಲ್ಲಿ. ಮರುವರ್ಷ ಅಂಗಡಿಯಿಂದ ಒಂದು ಗಿಣಿ ತಂದರು. ರಸಾಯನಶಾಸ್ತ್ರ ಅಲ್ಲಿಗೆ ಮುಗಿಯಿತು. (ನಮ್ಮ ಮನೆಯಲ್ಲಿ ರಸಾಯನಶಾಸ್ತ್ರವೇ ಅನ್ನ ಕೊಡುತ್ತಿರುವುದರಿಂದ ಈ ಸಂಗತಿಯನ್ನು ಮೇಲಧಿಕಾರಿಗಳ ಮುಂದೆ ಹೇಳುವಂತಿಲ್ಲ.) ಅವರು ಬಳಸಿದ ಪಾಠಕ್ರಮದ ಬೀಜ ಜರ್ಮನಿಯ ಡೀಟ್‌ಮಾರ್ ಟೋಟ್ ಅವರದು, 1975ರದು. ಗಿಣಿಯ ಎದುರಿಗೆ ಇಬ್ಬರು ಮನುಷ್ಯರು ಕೂತು, ಒಬ್ಬ ಕೇಳುವುದು, ಇನ್ನೊಬ್ಬ ಉತ್ತರ ಹೇಳಿ ಬಹುಮಾನ ಪಡೆಯುವುದು. ಎರಡನೆಯವನು ಗಿಣಿಗೆ ಮೇಲ್ಪಂಕ್ತಿಯೂ ಹೌದು, ಪ್ರತಿಸ್ಪರ್ಧಿಯೂ ಹೌದು. ಗಿಣಿ ಕಲಿಯುವುದು ಹೊಟ್ಟೆಕಿಚ್ಚಿನಿಂದ ಎಂದು ನಾವು ಸ್ಥೂಲವಾಗಿ ಅರ್ಥಮಾಡಿಕೊಂಡೆವು. ಮುಂದೆ ಆ ಪ್ರಯೋಗಾಲಯಕ್ಕೆ ಗ್ರಿಫಿನ್ ಎಂಬ ಇನ್ನೊಂದು ಗಿಣಿ ಬಂದಾಗ ಅಲೆಕ್ಸ್ ಮೂಕನಾಗಲಿಲ್ಲ. ಗ್ರಿಫಿನ್ ತಡವರಿಸಿದರೆ “ಸರಿಯಾಗಿ ಹೇಳು” ಎಂದು ಇಂಗ್ಲಿಷಿನಲ್ಲಿ ಗದರುತ್ತಿತ್ತು. ಬೇಕೆಂದೇ ತಪ್ಪು ಉತ್ತರ ಕೂಗಿ ಪಾಠ ಕೆಡಿಸುತ್ತಿತ್ತು. 2007ರಲ್ಲಿ ಸಾಯುವವರೆಗೂ ಅದು ಮಾತಾಡುತ್ತಲೇ ಇತ್ತು. ಅಲೆಕ್ಸಿಗೆ ದಿನವಿಡೀ ಕಲಿಸುವವರಿದ್ದರೆಂಬುದನ್ನು ನಾವು ಅನುಕೂಲಕ್ಕಾಗಿ ಮರೆತು ಧೈರ್ಯ ತಂದುಕೊಂಡೆವು. ಧೈರ್ಯಕ್ಕಿಂತ ಹೆಚ್ಚಾಗಿ, ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ರಕ್ತ ಹತ್ತಿದ ಎಳೆಗರಿ ಕಂಡದ್ದು ಕೆಲಸ ಮಾಡಿತು.

ಎಂಥ ಗಿಣಿ ತರಬೇಕು? ಇದರಲ್ಲಿ ಡಾಕ್ಟರಮ್ಮನ ಮಾತು ಖಡಾಖಂಡಿತ. ಅದೇ ಜಾತಿ, ಎದುರು ಲಿಂಗ, ಹತ್ತಿರದ ವಯಸ್ಸು. ಮರಿ ತಂದರೆ ಮುದ್ದಾಗಿರುತ್ತದೆ, ನಿಮಗೆ; ಅವನಿಗಲ್ಲ. ಗಂಡು ಹೆಣ್ಣು ತಿಳಿಯಲು ಎದೆಯಿಂದ ಕಿತ್ತ ಗರಿಯ ಬುಡ ಸಾಕು. ಹಕ್ಕಿಗಳಲ್ಲಿ ಲೆಕ್ಕ ನಮ್ಮ ತಿರುವುಮುರುವು: ಗಂಡಿಗೆ ಒಂದೇ ಬಗೆಯ ಎರಡು ವರ್ಣತಂತುಗಳು, ಹೆಣ್ಣಿಗೆ ಎರಡು ಬಗೆಯವು. ಗರಿಯ ಬುಡದ ಡಿ.ಎನ್.ಎ. ಹೆಚ್ಚಿಸಿ ನೋಡಿ ಪ್ರಯೋಗಾಲಯದವರು ಹೇಳಿಬಿಡುತ್ತಾರೆ. ಹೊರಗೆ ಹಾರಾಡುವ ಗೂಡುಮನೆಯಲ್ಲಿ ಹಲವಾರು ಗಿಣಿ ಸಾಕಿದ್ದವರೊಬ್ಬರ ಬಳಿ, ಜೊತೆ ಸತ್ತು ಒಂಟಿಯಾಗಿದ್ದ ಆರು ವರ್ಷದ ಹೆಣ್ಣು ಸಿಕ್ಕಿತು. ಬಣ್ಣ ಮಾತ್ರ ನೀಲಿ. ತಂದ ದಿನವೇ ಅವಳು ನೀಲವ್ವನಾದಳು.

ಊರಿನವರು ಫೋಟೋ ನೋಡಿ, ಬಣ್ಣ ಹಚ್ಚಿದ್ದಾರೆ, ಮೋಸ ಹೋಗಿದ್ದೀರಿ ಎಂದರು. ಮೋಸವಿಲ್ಲ. ಗಿಣಿಯ ಮೈಯಲ್ಲಿ ಹಸಿರು ಬಣ್ಣವೆಂಬ ವಸ್ತುವೇ ಇಲ್ಲ. ಗರಿಯ ಒಳರಚನೆ ಬೆಳಕನ್ನು ಚದುರಿಸಿ ನೀಲಿ ತೋರಿಸುತ್ತದೆ. ಅದರ ಮೇಲೆ ಒಂದು ಹಳದಿ ವಸ್ತು ಸೇರಿ, ಶಾಲೆಯ ಬಣ್ಣದ ಡಬ್ಬಿಯಲ್ಲಿ ಆಗುವಂತೆ, ಹಸಿರಾಗುತ್ತದೆ. ಆ ಹಳದಿ ಗಿಣಿಗಳ ಕುಲಕ್ಕೆ ಮಾತ್ರ ಮೀಸಲು, ಹೆಸರು ಸಿಟ್ಟಕೋಫಲ್ವಿನ್. ಬೇರೆ ಹಕ್ಕಿಗಳು ಹಳದಿಯನ್ನು ಬಹುಮಟ್ಟಿಗೆ ಆಹಾರದಿಂದ ಪಡೆದರೆ ಗಿಣಿ ತನ್ನದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಜರಿಗರ್ ಎಂಬ ಪುಟ್ಟ ಗಿಣಿಗಳಲ್ಲಿ ಈ ತಯಾರಿಕೆಯ ಕಿಣ್ವ ಯಾವುದು, ಅದರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹಕ್ಕಿ ಹೇಗೆ ನೀಲಿಯಾಗುತ್ತದೆ ಎಂಬುದನ್ನು 2017ರಲ್ಲಿ ತೋರಿಸಿದರು. ನೀಲವ್ವನಲ್ಲಿ ಹಳದಿ ಇಲ್ಲ, ಅಷ್ಟೇ. ರಾಮನಿಗೆ ಅವಳು ಬೇರೆ ಬಣ್ಣದವಳೆಂಬ ಚಿಂತೆ ಬಂದಂತೆ ಕಾಣಲಿಲ್ಲ. ಈ ವಿಷಯದಲ್ಲಿ ಗಿಣಿಗಳು ನಮ್ಮ ಮದುವೆ ದಲ್ಲಾಳಿಗಳಿಗಿಂತ ಮೇಲು.

ಆದರೆ ಅವಳನ್ನು ತಂದ ಕೂಡಲೇ ಅವನ ಮುಂದೆ ಇಡುವಂತಿಲ್ಲ. ಎರಡನೆಯ ಗಿಣಿ ತರುವವರು ಮಾಡುವ ಮೊದಲ ತಪ್ಪೇ ಇದು. ಮೊದಲು ಆರು ವಾರ ಬೇರೆ ಕೋಣೆ, ಬೇರೆ ಬಟ್ಟಲು. ಹಳೆಯವನ ಕೆಲಸ ಮುಗಿಸಿ ಆಮೇಲೆ ಹೊಸಬಳದು, ನಡುವೆ ಸೋಪು ಹಾಕಿ ಕೈ ತೊಳೆಯುವುದು. ಕೊಕ್ಕು ಮತ್ತು ಗರಿಗಳನ್ನು ಕೆಡಿಸುವ ವೈರಸ್ ಒಂದಿದೆ, ಅದಕ್ಕೆ ಮದ್ದಿಲ್ಲ. ಸಿಟ್ಟಕೋಸಿಸ್ ಎಂಬ ಗಿಣಿಜ್ವರ ಮನುಷ್ಯರಿಗೂ ತಗಲಿ ಪುಪ್ಪುಸಕ್ಕೆ ಬರುತ್ತದೆ. 1929-30ರ ಚಳಿಗಾಲದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಗಿಣಿಗಳ ಮೂಲಕ ಅದು ಯೂರೋಪು, ಅಮೆರಿಕಗಳಲ್ಲೆಲ್ಲ ಹರಡಿ ಜನ ಸತ್ತಿದ್ದರು. ಜರ್ಮನಿಯಲ್ಲಿ ಇದಕ್ಕೆಂದೇ ಒಂದು ಕಟ್ಟಳೆಯಿತ್ತು, 2012ರಲ್ಲಿ ತೆಗೆದುಹಾಕಿದರು. ಕಟ್ಟಳೆ ಹೋಯಿತೇ ಹೊರತು ರೋಗ ಹೋಗಿಲ್ಲ. ಎರಡೂ ಪರೀಕ್ಷೆ ಮಾಡಿಸಿ, ಎರಡರಲ್ಲೂ ಇಲ್ಲವೆಂದು ಬರೆದು ಬಂದ ಮೇಲೆಯೇ ನಾವು ನಿದ್ದೆ ಮಾಡಿದ್ದು.

ನೀಲವ್ವನಿಗೆ ಕೊಟ್ಟ ಕೋಣೆ ಅಡಿಗೆಮನೆಗೆ ಅಂಟಿಕೊಂಡದ್ದು. ಆದ್ದರಿಂದ ದೋಸೆಯ ಕಾವಲಿಯ ಬಗ್ಗೆ ಒಂದು ಮಾತು ಹೇಳಬೇಕು. ಈ ಪತ್ರಿಕೆಯ ಓದುಗರಲ್ಲಿ ಹಕ್ಕಿ ಸಾಕಿರುವವರು ಇದನ್ನೊಂದನ್ನಾದರೂ ನೆನಪಿಡಿ. ದೋಸೆ ಅಂಟದ ಕಾವಲಿಗೆ ಬಳಿದಿರುವುದು ಟೆಫ್ಲಾನ್. ಅದು ಸಾಮಾನ್ಯ ಶಾಖದಲ್ಲಿ ಬಹಳ ಸಾಧು, ಯಾವುದರ ಜೊತೆಗೂ ಸೇರದು. ಖಾಲಿ ಕಾವಲಿಯನ್ನು ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತಿರೋ, ಶಾಖ 280 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಅದು ಒಡೆದು ಫ್ಲೋರಿನ್ ಕೂಡಿದ ಅನಿಲಗಳನ್ನೂ ಕಣ್ಣಿಗೆ ಕಾಣದ ಕಣಗಳನ್ನೂ ಬಿಡತೊಡಗುತ್ತದೆ. ಮನುಷ್ಯರಿಗೆ ಒಂದು ದಿನದ ಜ್ವರ ಬಂದು ಹೋಗಬಹುದು. ಹಕ್ಕಿಯ ಪುಪ್ಪುಸದ ಕಟ್ಟು ಬೇರೆ, ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಒಳಗೆ ಬಂದದ್ದನ್ನು ಹೀರುವ ಶಕ್ತಿ ನಮಗಿಂತ ಎಷ್ಟೋ ಹೆಚ್ಚು. ಮುಂದಿನ ಕೋಣೆಯಲ್ಲಿದ್ದರೂ ಸ್ವಲ್ಪ ಹೊತ್ತಿನಲ್ಲಿ ಸಾಯುತ್ತದೆ. ನಮ್ಮ ಮನೆಯಲ್ಲಿ ಈಗ ಅಮ್ಮ ತಂದಿದ್ದ ಬೀಡಿನ ಕಾವಲಿ ಮಾತ್ರ. ವಿಮಾನದಲ್ಲಿ ಅಷ್ಟು ಭಾರ ಯಾಕೆ ತಂದಿರಿ ಎಂದು ಆಗ ಬೈದಿದ್ದೆವು.

ಆರು ವಾರ ಗೋಡೆಯಾಚೆ ಈಚೆ ಕಳೆಯಿತಲ್ಲ, ಅಷ್ಟರಲ್ಲಿ ಅರ್ಧ ಪರಿಚಯ ಆಗಿಹೋಗಿತ್ತು. ಮೊದಲ ದಿನ ನೀಲವ್ವ ಒಮ್ಮೆ ಕೂಗಿದಳು. ರಾಮ ಮಾಡುತ್ತಿದ್ದುದನ್ನು ಬಿಟ್ಟು, ಮೈ ಕಡ್ಡಿಯಂತೆ ಸೆಟೆದು, ಒಂದು ಕಾಲು ಎತ್ತಿ ನಿಂತ. ಹನ್ನೊಂದು ವರ್ಷದ ಮೇಲೆ ಮನೆಯೊಳಗೆ ತನ್ನ ಜಾತಿಯ ಧ್ವನಿ. ಎರಡು ದಿನ ಅವನು ಬಾಯಿ ತೆರೆಯಲಿಲ್ಲ. ಮೂರನೆಯ ದಿನ ನಾವು ಎಂದೂ ಕೇಳಿರದ ಸ್ವರವೊಂದನ್ನು ತೆಗೆದ. ಅದನ್ನು ಅವನಿಗೆ ಕಲಿಸಿದವರು ಯಾರು?

ಏಳನೆಯ ವಾರ ನೀಲವ್ವನ ಪಂಜರವನ್ನು ಹಜಾರಕ್ಕೆ ತಂದು ಮೂರು ಮೀಟರ್ ದೂರದಲ್ಲಿಟ್ಟೆವು. ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಮನೆಗೆ ಬಂದ ಅತಿಥಿಗೆ ಮೊದಲು ಬಡಿಸುವ ಅಭ್ಯಾಸ ನಮ್ಮದು. ಹೊಸಬಳ ಬಟ್ಟಲಿಗೆ ಮೊದಲು ಕಾಳು ಹಾಕಿದೆವು. ರಾಮ ತನ್ನ ಬಟ್ಟಲನ್ನು ಕೊಕ್ಕಿನಿಂದ ಎತ್ತಿ ಕೆಳಕ್ಕೆ ಹಾಕಿದ. ಗಿಣಿಯ ಮನೆಯಲ್ಲಿ ಹಿರಿತನ ನಡೆಯಬೇಕು: ಕಾಳು, ಮಾತು, ಪಂಜರದ ಬಾಗಿಲು ತೆರೆಯುವುದು, ಎಲ್ಲದರಲ್ಲೂ ಹಳೆಯವನೇ ಮೊದಲು. ಇಬ್ಬರು ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಒಂದು ಗೇಣಿನಂತೆ ಪಂಜರಗಳನ್ನು ಹತ್ತಿರ ತಂದೆವು. ಯಾವನಾದರೂ ಗರಿ ಕೆದರಿ ಬಾಯಿ ತೆರೆದು ಮುನ್ನುಗ್ಗಿದರೆ ಮತ್ತೆ ಹಿಂದಿನ ದಿನದ ಗೆರೆಗೆ ಸರಿಸುವುದು. ಪ್ರಯೋಗಾಲಯದಲ್ಲಿ ಹನಿಹನಿಯಾಗಿ ಬಿಟ್ಟು ಬಣ್ಣ ತಿರುಗುವುದನ್ನು ಕಾಯುವ ಕೆಲಸಕ್ಕೆ ಒಗ್ಗಿದವರಿಗೆ ಇದೇನೂ ಹೊಸದಲ್ಲ. ಒಂದು ಹನಿ ಹೆಚ್ಚಾದರೆ ಅಲ್ಲಿಯೂ ಮೊದಲಿನಿಂದ ಶುರುಮಾಡಬೇಕು.

ಎರಡನ್ನೂ ಒಂದೇ ಪಂಜರಕ್ಕೆ ಬಿಡುವಾಗ ಹಳೆಯವನ ಪಂಜರಕ್ಕೆ ಹೊಸಬಳನ್ನು ತೂರಬಾರದು. ಅದು ಅವನ ಕೋಟೆ. ವರದಿಯ ಅಳತೆಗೆ ಸರಿಯಾಗಿ ಎರಡು ಮೀಟರಿನ ಹೊಸ ಪಂಜರ ತರಿಸಿ, ಕೊಂಬೆಗಳನ್ನು ಇಬ್ಬರಿಗೂ ಗುರುತಿಲ್ಲದಂತೆ ಜೋಡಿಸಿ, ಎರಡು ಮೂಲೆಗೆ ಎರಡು ಬಟ್ಟಲು, ಎರಡು ನೀರು ಇಟ್ಟೆವು. ಅದಕ್ಕೂ ಮೊದಲು ಕೋಣೆಯಲ್ಲಿ ಬಿಟ್ಟು ಹಾರಾಡಿಸಿದೆವು. ರೆಕ್ಕೆಗೆ ಜಾಗವಿದ್ದರೆ ಸೋತವರು ಓಡಿಹೋಗಬಹುದು. ಮೊದಲ ದಿನ ಓಡಿದವನು ರಾಮ. ಎರಡನೆಯ ದಿನವೂ ಅವನೇ. ಮೂರನೆಯ ದಿನ ನಾವು ಚಹಾ ಸೋಸಲು ಒಳಗೆ ಹೋದ ಎರಡು ನಿಮಿಷದಲ್ಲಿ ಅವನ ಕಾಲ್ಬೆರಳು ಕಚ್ಚಿಸಿಕೊಂಡು ರಕ್ತ ಸೋರಿತು. ಆ ವಾರವಿಡೀ ಪ್ರತಿ ಬೆಳಿಗ್ಗೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆವು: 128 ಗ್ರಾಂ ಇದ್ದವನು 119ಕ್ಕೆ ಇಳಿದ. ಒಂಬತ್ತು ಗ್ರಾಂ ಎಂದರೆ ನಗಬೇಡಿ, ಅರವತ್ತು ಕಿಲೋ ಮನುಷ್ಯನಿಗೆ ನಾಲ್ಕು ಕಿಲೋ ಇಳಿದಂತೆ. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯಿತಲ್ಲ ಎಂದು ಮರುಗಿದೆವು. ಗಿಡುಗನೂ ಗಿಣಿಯೇ ಆಗಿರುವುದು ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ.

ಡಾಕ್ಟರಮ್ಮ ಫೋನಿನಲ್ಲಿ ನಕ್ಕರು. ಈ ಜಾತಿಯಲ್ಲಿ ಯಜಮಾನಿಕೆ ಹೆಣ್ಣಿನದು. ಮರಿ ಮಾಡುವ ಕಾಲ ಬಿಟ್ಟರೆ ಮೈಗೆ ಮೈ ತಾಗಿಸಿ ಕೂರುವುದು ಇವರ ಪದ್ಧತಿಯಲ್ಲ. ಸಿನಿಮಾದ ಜೋಡಿಗಿಣಿಗಳನ್ನು ಮರೆತುಬಿಡಿ, ಒಂದೇ ಕೊಂಬೆಯಲ್ಲಿ ಒಂದು ಮೊಳ ದೂರ ಕೂತರೆ ಅದೇ ಸಂಸಾರ ಎಂದರು. ಮತ್ತೆ ಒಂದು ವಾರ ಬೇರೆ ಬೇರೆ ಇಟ್ಟು, ಜಾಲರಿಯ ಎರಡೂ ಬದಿಗೆ ಒಂದೇ ಹೊತ್ತಿಗೆ ತಿನ್ನಿಸತೊಡಗಿದೆವು. ಕೆಲಸ ಮಾಡಿದ್ದು ಹಸಿಮೆಣಸಿನಕಾಯಿ. ಮೆಣಸಿನ ಖಾರವಾದ ಕ್ಯಾಪ್ಸೈಸಿನ್ ನಮ್ಮ ನಾಲಗೆಯಲ್ಲಿ ಬಿಸಿಯನ್ನು ತಿಳಿಯುವ ದ್ವಾರವೊಂದನ್ನು ತಟ್ಟುತ್ತದೆ, ಅದಕ್ಕೇ ಬಾಯಿ ಸುಡುವುದು. ಹಕ್ಕಿಗಳ ಆ ದ್ವಾರಕ್ಕೆ ಕ್ಯಾಪ್ಸೈಸಿನ್ ನಾಟುವುದಿಲ್ಲ ಎಂದು 2002ರಲ್ಲಿ ಕೋಳಿಗಳಲ್ಲಿ ತೋರಿಸಿದರು. ಬೀಜ ಹರಡುವ ಹಕ್ಕಿಗೆ ಸಿಹಿ, ಬೀಜ ಅಗಿದು ಹಾಳುಮಾಡುವ ಇಲಿಗೆ ಖಾರ. ಬೀಜವನ್ನೂ ಬಿಡದೆ ಜಗಿಯುವ ಗಿಣಿ ಈ ಏರ್ಪಾಡಿನಲ್ಲಿ ಟಿಕೆಟ್ಟಿಲ್ಲದೆ ಬಂದವನು. ಅಂತೂ ಎರಡು ಗಿಣಿಗಳು ಜಾಲರಿಯ ಎರಡು ಕಡೆ ಮೆಣಸಿನಕಾಯಿ ಹಿಡಿದು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ತಿನ್ನುವುದನ್ನು ನಾವು ಹದಿನೈದು ದಿನ ನೋಡಿದೆವು. ಹದಿನಾರನೆಯ ದಿನ ಜಾಲರಿ ತೆಗೆದೆವು. ಯಾರೂ ಯಾರನ್ನೂ ಕಚ್ಚಲಿಲ್ಲ.

ಫೆಬ್ರವರಿಯ ಕೊನೆಗೆ ನೀಲವ್ವ ತಲೆಯನ್ನು ಸುತ್ತ ತಿರುಗಿಸಿ ಬಿಲ್ಲಿನಂತೆ ಬಾಗತೊಡಗಿದಳು. ರಾಮ ಕಣ್ಣು ಚಿಕ್ಕದು ದೊಡ್ಡದು ಮಾಡುತ್ತ, ಒಂದು ಕಾಲೆತ್ತಿ, ಕೊಂಬೆಯ ಮೇಲೆ ಅಳೆದು ಹೆಜ್ಜೆಯಿಡುತ್ತ ಹೋಗಿ ಅವಳ ಬಾಯಿಗೆ ತುತ್ತು ಕೊಟ್ಟ. ನಮ್ಮ ಹೆಬ್ಬೆರಳಿಗೆ ಅಂದಿನಿಂದ ರಜೆ. ಎದೆಯ ಗರಿ ಮೇ ತಿಂಗಳಿಗೆ ಮುಕ್ಕಾಲು ಬಂದಿತ್ತು. ಒಂದು ಕಡೆ ಮಾತ್ರ ಬುಡವೇ ಸತ್ತುಹೋಗಿ ಬೋಳಾಗಿಯೇ ಉಳಿದಿದೆ, ಅಲ್ಲಿ ಇನ್ನು ಬರಲಾರದಂತೆ. ಒಂದೂವರೆ ವರ್ಷ ಮೊದಲೇ ತಂದಿದ್ದರೆ ಬರುತ್ತಿತ್ತೋ ಏನೋ. ಡಾಕ್ಟರಮ್ಮ ಹಾಗೆನ್ನಲಿಲ್ಲ, ನಾವೂ ಕೇಳಲಿಲ್ಲ. ತೂಕ 131.

ಗದ್ದಲ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಬಾಡಿಗೆ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಕೆಳಗಿನ ಮನೆಯವರು ಒಂದು ಭಾನುವಾರ ಮಧ್ಯಾಹ್ನ ಗಂಟೆ ಬಾರಿಸಿ, ಹೊರಗಿನ ಮರದ ಗಿಣಿಗಳ ಕಾಟ ಈ ವರ್ಷ ಮಿತಿಮೀರಿದೆ, ನಗರಸಭೆಗೆ ಬರೆಯೋಣವೆಂದಿದ್ದೇವೆ, ನೀವೂ ಸಹಿ ಹಾಕುವಿರಾ ಎಂದು ಕೇಳಿದರು. ಆಗ ಒಳಗಿನಿಂದ ನೀಲವ್ವ ಕಿರುಚಿದಳು. ಸಹಿಯ ಮಾತು ಅಲ್ಲಿಗೆ ನಿಂತಿತು. ಈಗ ಮಧ್ಯಾಹ್ನ ಒಂದರಿಂದ ಮೂರರವರೆಗೆ ಪರದೆ ಎಳೆದು ಕೋಣೆ ಮಬ್ಬು ಮಾಡುತ್ತೇವೆ. ಕ್ರಿಸ್‌ಮಸ್ಸಿಗೆ ಅವರಿಗೆ ಚಕ್ಕುಲಿ ಕೊಟ್ಟೆವು.

ಇನ್ನು ಮಾತಿನ ವಿಷಯ. ಹಿರಿಯರ ಅನುಭವವೇ ಗೆದ್ದಿತು. ಸಂಜೆ ಬಾಗಿಲು ತೆರೆದರೆ ಈಗ ಯಾರೂ ಏನೂ ಕೇಳುವುದಿಲ್ಲ. ಇಬ್ಬರೂ ನಮ್ಮನ್ನು ಒಮ್ಮೆ ನೋಡಿ ತಮ್ಮ ಕೆಲಸಕ್ಕೆ ತಿರುಗುತ್ತಾರೆ. ಮೊದಲ ಮೂರು ತಿಂಗಳು ರಾಮ ಒಂದು ಕನ್ನಡ ಶಬ್ದವನ್ನೂ ಆಡಲಿಲ್ಲ. ಫೋನಿನಲ್ಲಿ ಹಿಂದೆ ಮಾಡಿಟ್ಟ ಧ್ವನಿಮುದ್ರಣವೊಂದಿದೆ. ಮಾತು ಸ್ಪಷ್ಟವಾಗಿದೆ, ಆದರೆ ಗುಂಡಿ ಒತ್ತುವುದು ತಡವಾಗಿ ಕೆಮ್ಮು ಅದರಲ್ಲಿ ಸಿಕ್ಕಿಲ್ಲ. ಆಮೇಲೆ ಒಂದು ಮುಂಜಾನೆ, ಇನ್ನೂ ಕತ್ತಲಿರುವಾಗ, ಹಜಾರದಲ್ಲಿ ಕೆಮ್ಮು ಕೇಳಿಸಿತು. ಎದ್ದು ಹೋಗಿ ಬಾಗಿಲ ಬಳಿ ನಿಂತೆವು. ರಾಮ ಕಾಳಿನ ಬಟ್ಟಲ ಪಕ್ಕದಲ್ಲಿ ಕೂತು ನೀಲವ್ವನ ಕಡೆ ಬಾಗಿ, ಅವಳಿಗೆ, “ಊಟಾ ಆತೇನಪಾ?” ಎನ್ನುತ್ತಿದ್ದ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಈಗಲೂ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಹೇಳುತ್ತಾನೆ, ನಮಗೆಂದೂ ಅಲ್ಲ. ನಾವು ದೀಪ ಹಾಕುವುದಿಲ್ಲ.

ನೋಡಲು ಬರಬೇಕೆನ್ನುವ ಕೂಟದ ಸದಸ್ಯರು ಧಾರಾಳವಾಗಿ ಬನ್ನಿ, ಮೊದಲು ಫೋನ್ ಮಾಡಿ. ಜ್ವರ ನೆಗಡಿ ಇದ್ದವರು ವಾಸಿಯಾದ ಮೇಲೆ ಬನ್ನಿ. ನಿಮ್ಮ ಮನೆಯಲ್ಲೂ ಹಕ್ಕಿಯಿದ್ದರೆ ಬಟ್ಟೆ ಬದಲಿಸಿ ಬನ್ನಿ. ತಿಂಡಿ ತರುವುದಾದರೆ ಬೆಣ್ಣೆಹಣ್ಣು ಖಂಡಿತ ಬೇಡ; ಇಲ್ಲಿ ಆವಕಾಡೊ ಎನ್ನುವ ಆ ಹಣ್ಣಿನಲ್ಲಿ ಪರ್ಸಿನ್ ಎಂಬ ವಸ್ತುವಿದೆ, ಅದು ಹಕ್ಕಿಗಳ ಹೃದಯಕ್ಕೆ ವಿಷ. ಚಾಕಲೇಟೂ ಬೇಡ. ಹಸಿಮೆಣಸಿನಕಾಯಿ ತರಬಹುದು. ತರುವುದಾದರೆ ಎರಡು ತನ್ನಿ, ಒಂದೇ ತಂದರೆ ಅದು ನೀಲವ್ವನಿಗೇ ಹೋಗುತ್ತದೆ.